ಗಟ್ಟಿ ಇರಬೇಕು

“ಎಂಬತ್ತೈದು ಸಾವಿರ” ಎಂದು ಕನ್ನಡಿಗೆ ಹೇಳಿ ನೋಡಿದ. ಕನ್ನಡಿಯೊಳಗಿನವನು ನಂಬಲಿಲ್ಲ. ಅರ್ಧ ಕೆನ್ನೆಗೆ ನೊರೆ, ಇನ್ನರ್ಧ ಬೋಳು. ಇಂಥ ಮುಖ ಹೊತ್ತು ಯಾವ ಬೆಲೆ ಹೇಳಿದರೂ ಅಷ್ಟೇ. ಪೂರ್ತಿ ಕ್ಷೌರ ಮುಗಿಸಿ ಮತ್ತೊಮ್ಮೆ ಹೇಳಿದ. ಎಂಬತ್ತೈದರವರೆಗೆ ನೆಟ್ಟಗೆ ನಿಂತಿದ್ದ ದನಿ ‘ಸಾವಿರ’ ಬಂದ ಕೂಡಲೇ ಕುಸಿಯಿತು. ಇದು ವಿಚಿತ್ರವಾಗಿದೆಯಲ್ಲ ಎಂದುಕೊಂಡ. ಎಪ್ಪತ್ತು ಸಾವಿರಕ್ಕೂ ಹೀಗೇ ಆಗುತ್ತದೆಯೇ ಎಂದು ಪರೀಕ್ಷಿಸಿದ. ಆಗುತ್ತಿತ್ತು. ನಲವತ್ತಕ್ಕೂ ಆಗುತ್ತಿತ್ತು.

“ಯಾರ ಜೊತೆ ಮಾತು?” ಬಾಗಿಲಾಚೆಯಿಂದ ಹೆಂಡತಿ ಕೇಳಿದಳು.

“ಯಾರ ಜೊತೆಗೂ ಇಲ್ಲ.”

“ಎಲ್ಲಾ ಅಲ್ಲೇ ಹೇಳಿ ಮುಗಿಸ್ಬೇಡಿ. ಸಂಜೆ ಬರೋ ಪ್ರೆಸ್ಸಿನ ಯಜಮಾನರ ಮುಂದೆ ಹೇಳೋಕೆ ಸ್ವಲ್ಪ ಉಳಿಸ್ಕೊಳ್ಳಿ.”

ಅವಳು ಔಷಧದ ಅಂಗಡಿಯಲ್ಲಿ ಕೆಲಸ ಮಾಡುವವಳು. ಅಲ್ಲಿ ಪ್ರತಿ ಹಾಳೆ ಗುಳಿಗೆಯ ಬೆನ್ನ ಮೇಲೂ ಬೆಲೆ ಅಚ್ಚಾಗಿರುತ್ತದೆ. ಕೆಮ್ಮುವವರು ಯಾರೂ ಚೌಕಾಸಿ ಮಾಡುವುದಿಲ್ಲ, ಮಾರುವವರು ಯಾರೂ ಕನ್ನಡಿಯ ಮುಂದೆ ಅಭ್ಯಾಸ ಮಾಡುವುದಿಲ್ಲ. ಬೆಲೆ ಹೇಳುವುದೆಂದರೆ ಗಂಡನಿಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟವೇಕೆ ಎಂಬುದು ಅವಳಿಗೆ ಎರಡು ವರ್ಷದಿಂದಲೂ ಬಗೆಹರಿದಿರಲಿಲ್ಲ. ಅವನಿಗೂ ಬಗೆಹರಿದಿರಲಿಲ್ಲ. ಆದರೆ ಅವನಿಗೆ ಅದು ಸ್ವಾರಸ್ಯಕರವಾಗಿ ಕಾಣುತ್ತಿತ್ತು, ಅವಳಿಗೆ ಕಾಣುತ್ತಿರಲಿಲ್ಲ. ಇಬ್ಬರ ನಡುವಿನ ವ್ಯತ್ಯಾಸವೆಲ್ಲ ಇಷ್ಟೇ ಎಂದು ಅವನು ನಂಬಿದ್ದ.

ಚಪ್ಪಲಿ ಮೆಟ್ಟುತ್ತಾ ಅವಳು ಕೊನೆಯ ಸಲ ನೆನಪಿಸಿದಳು. “ಐದು ಗಂಟೆಗೆ ಪ್ರಿನ್ಸಿಪಾಲರ ಫೋನು. ಅಷ್ಟರೊಳಗೆ ತೀರ್ಮಾನ ಆಗಿರ್ಬೇಕು.”

“ಆಗತ್ತೆ.”

“ಎಂಬತ್ತೈದು ಬಂದ್ರೆ ಕಾಲೇಜು ಬೇಡ. ಬರ್ಲಿಲ್ಲ ಅಂದ್ರೆ ಸೋಮವಾರದಿಂದ ಕಾಲೇಜು. ನೀವೇ ಹೇಳಿದ ಮಾತು.”

“ಹೂಂ.”

“ಮನಸ್ಸು ಗಟ್ಟಿ ಮಾಡ್ಕೊಂಡು ಹೇಳ್ಬಿಡಿ, ಅಷ್ಟೇ” ಎಂದು ಅವಳು ಮೆಟ್ಟಿಲಿಳಿದಳು. ಅವಳು ಹೋದ ಮೇಲೆ ಅವನ ಗೆಣ್ಣು ಅವನಿಗೇ ತಿಳಿಯದಂತೆ ಬಾಗಿಲಿನ ಹಲಗೆಯನ್ನು ಎರಡು ಸಲ ತಟ್ಟಿತು. ಕಳಪೆ ಹಲಗೆ, ಒಳಗೆ ಟೊಳ್ಳು.

ತಟ್ಟಿ ನೋಡುವುದು ಅವನ ಚಟ. ಗೋಡೆ, ಮೇಜು, ಬಸ್ಸಿನ ಸೀಟು, ಕಲ್ಲಂಗಡಿ ಹಣ್ಣು, ಯಾವುದನ್ನೂ ಬಿಟ್ಟವನಲ್ಲ. ಒಮ್ಮೆ ಸ್ನಾನದ ಮನೆಯಲ್ಲಿ ತನ್ನ ಎದೆಯನ್ನೇ ತಟ್ಟಿ ನೋಡಿಕೊಂಡಿದ್ದ. ಬಲಕ್ಕೂ ಎಡಕ್ಕೂ ಸ್ವರ ಬೇರೆ ಇತ್ತು. ಮದುವೆಯ ಏಳನೆಯ ವರ್ಷದಲ್ಲೋ ಎಂಟನೆಯದರಲ್ಲೋ ಹೆಂಡತಿ, “ನನ್ನನ್ನೂ ಒಂದ್ಸಲ ತಟ್ಟಿ ನೋಡ್ಬಿಡಿ, ಒಳಗೇನಾದ್ರೂ ಇದೆಯಾ ಅಂತ ಗೊತ್ತಾಗ್ಲಿ” ಎಂದಿದ್ದಳು. ಆಗ ಇಬ್ಬರೂ ನಕ್ಕಿದ್ದರು. ಅವಳು ಅವನಿಗಿಂತ ಬೇಗ ನಗು ನಿಲ್ಲಿಸಿದ್ದು ಅವನಿಗೆ ನೆನಪಿದೆ.

ಕಾಲೇಜಿನಲ್ಲಿ ಅವನು ಭೌತಶಾಸ್ತ್ರದ ಮೇಷ್ಟ್ರು. ಒಂದು ಮಧ್ಯಾಹ್ನ ಅನುನಾದದ ಪಾಠ ಮಾಡುತ್ತಿದ್ದ. ಒಂದು ಶ್ರುತಿಕವೆಯನ್ನು ಬಡಿದರೆ ಪಕ್ಕದಲ್ಲಿರುವ ಅದೇ ಸ್ವರದ ಇನ್ನೊಂದು ಕವೆ ಯಾರೂ ಮುಟ್ಟದೆಯೇ ನಡುಗುತ್ತದೆ, ಇಷ್ಟೇ ಪಾಠ. ಬಡಿದು ತೋರಿಸಿದ. ಅರವತ್ತು ತಲೆಗಳು ಬಗ್ಗಿ ಬರೆದುಕೊಂಡವು. ಎರಡನೆಯ ಕವೆ ನಡುಗುತ್ತಿದ್ದಾಗ ತಲೆಯೆತ್ತಿ ಕೇಳಿದವರು ಒಬ್ಬರೂ ಇರಲಿಲ್ಲ. ಅವನು ಮಾತ್ರ ಕೇಳುತ್ತಾ ನಿಂತ, ಗಂಟೆ ಬಾರಿಸುವವರೆಗೆ ನಿಂತೇ ಇದ್ದ. ಮರುವಾರ ಎರಡು ವರ್ಷದ ರಜೆಗೆ ಅರ್ಜಿ ಹಾಕಿದ. ಕಾರಣ ಎಂಬ ಕಡೆ ‘ಸ್ವಂತ’ ಎಂದು ಬರೆದ.

ಆ ಎರಡು ವರ್ಷ ಇವತ್ತಿಗೆ ಮುಗಿಯುತ್ತದೆ. ನಿನ್ನೆ ಪ್ರಿನ್ಸಿಪಾಲರು ಫೋನಿನಲ್ಲಿ ಸಕ್ಕರೆಯಂಥ ದನಿಯಲ್ಲಿ ಹೇಳಿದ್ದರು: “ಬರ್ತೀರೋ ಇಲ್ವೋ, ನಂಗೊಂದು ಗಟ್ಟಿ ಉತ್ತರ ಬೇಕು. ನಾಳೆ ಸಂಜೆ ಐದಕ್ಕೆ ನಾನೇ ಮಾಡ್ತೀನಿ. ಆಮೇಲೆ ಆ ಜಾಗ ನನ್ನ ಕೈಲಿರಲ್ಲ.”

ಅವನ ಕೆಲಸದ ಕೋಣೆ ಎರಡು ಬೀದಿ ಆಚೆ, ಬಡಗಿಯ ಅಂಗಡಿಯ ಮಾಳಿಗೆಯ ಮೇಲೆ. ಕಿಟಕಿ ಒಂದು, ಉದ್ದನೆಯ ಮೇಜು ಒಂದು, ಗೋಡೆಯ ಮೇಲೆ ಕ್ಲಾಂಪುಗಳ ಸಾಲು, ಮೂಲೆಯಲ್ಲಿ ಕೀಸಿ ತೆಗೆದ ಮರದ ಸುರುಳಿಗಳ ಮೂರು ಚೀಲ. ಮೇಜಿನ ಮೇಲೆ ಹಳೆಯ ಕಂಬಳಿ, ಕಂಬಳಿಯ ಮೇಲೆ ಗಿಟಾರು.

ಎರಡು ವರ್ಷಕ್ಕೆ ಇದು ನಾಲ್ಕನೆಯದು. ಮೊದಲನೆಯದರ ಬೆನ್ನು ಒಡೆಯಿತು. ಎರಡನೆಯದನ್ನು ಭಾವಮೈದುನ ‘ನೋಡಿ ಕೊಡ್ತೀನಿ’ ಎಂದು ಒಯ್ದವನು ಇನ್ನೂ ನೋಡುತ್ತಲೇ ಇದ್ದಾನೆ. ಮೂರನೆಯದು ಗೋಡೆಯ ಮೇಲಿದೆ, ಅದನ್ನು ಯಾರೂ ಕೇಳಿಲ್ಲ. ಇದೊಂದೇ ಯಾರೋ ಬಂದು, ಬೇಕು ಎಂದು, ಹೇಳಿ ಮಾಡಿಸಿದ್ದು. ಹೇಳಿ ಮಾಡಿಸಿದ್ದು ಎಂಬ ಮಾತೇ ಅವನಿಗೆ ಎಷ್ಟು ಹಿತವಾಗಿತ್ತೆಂದರೆ, ಹೇಳಿದ್ದೇನು ಎಂದು ಎರಡನೆಯ ಸಲ ಕೇಳುವ ಗೋಜಿಗೆ ಅವನು ಹೋಗಿರಲಿಲ್ಲ.

ಹೇಳಿದವರು ಪ್ರೆಸ್ಸಿನವರು, ಪೇಟೆಯ ಹಳೆಯ ಮುದ್ರಣಾಲಯದ ಯಜಮಾನರು. ಕಳೆದ ವರ್ಷ ಇದೇ ತಿಂಗಳು ಬಂದಿದ್ದರು. ಎಡಗಿವಿಯಲ್ಲಿ ಉಗುರಿನಷ್ಟು ಪುಟ್ಟ ಶ್ರವಣಯಂತ್ರ, ಬಲಗಿವಿಗೆ ಅಂಗೈ ಒಡ್ಡಿಕೊಂಡು ಕೇಳುವ ಅಭ್ಯಾಸ. ನಲವತ್ತು ವರ್ಷ ಮಿಷನ್ನುಗಳ ನಡುವೆ ನಿಂತವರು. ಕಿವಿ ಅಲ್ಲೇ ಸವೆದಿತ್ತು. ಅವನು ಏನು ಹೇಳಿದರೂ “ಗಟ್ಟಿಯಾಗಿ ಹೇಳಿ” ಎನ್ನುತ್ತಿದ್ದರು. ಅರ್ಧ ಗಂಟೆಯಲ್ಲಿ ನಾಲ್ಕು ಸಲ ಅಂದರು. ಮಗಳು ನುಡಿಸುತ್ತಾಳಂತೆ, ಊರೂರಿಗೆ ಹೋಗಿ ಕಛೇರಿ ಕೊಡುತ್ತಾಳಂತೆ. ಏಳುವಾಗ ಮರದ ಖರ್ಚಿಗೆಂದು ಮುಂಗಡ ಕೊಟ್ಟು, ಉಳಿದದ್ದು ಮುಗಿದ ಮೇಲೆ ಹೇಳಿ ಎಂದು, ಬಾಗಿಲಲ್ಲಿ ತಿರುಗಿ ನಿಂತು ಹೇಳಿದರು: “ಬಣ್ಣ ಗಿಣ್ಣ ನಿಮ್ಮಿಷ್ಟ. ನನ್ನದೊಂದೇ ಮಾತು. ಗಟ್ಟಿ ಇರ್ಬೇಕು.”

ಅವನು ನೋಟ್‌ಬುಕ್ಕಿನಲ್ಲಿ ‘ಗಟ್ಟಿ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದ.

ಆ ರಾತ್ರಿಯಿಂದಲೇ ಅವನಿಗೆ ಎಲ್ಲವೂ ಕಣ್ಣಿಗೆ ಕಟ್ಟತೊಡಗಿತು. ಸಭಾಂಗಣದ ಮೊದಲ ಸಾಲು. ಕಿವಿಗೆ ಅಂಗೈ ಒಡ್ಡಿ ಕೂತ ಮುದುಕ. ವೇದಿಕೆಯ ಮೇಲೆ ಮಗಳು. ಇಷ್ಟು ವರ್ಷ ಅವಳ ಬೆರಳುಗಳನ್ನು ಮಾತ್ರ ನೋಡಿದ ಅಪ್ಪ ಆ ದಿನ ಮೊದಲ ಸಲ ಕೇಳುತ್ತಾರೆ. ಅದನ್ನು ನೆನೆದು ಅವನ ಕಣ್ಣು ಒದ್ದೆಯಾಗಿತ್ತು. ಯಾರ ವಿಷಯಕ್ಕೂ ಒದ್ದೆಯಾಗದ ಕಣ್ಣು ಒಂದು ಕಲ್ಪನೆಗೆ ಒದ್ದೆಯಾಯಿತಲ್ಲ ಎಂದು ಅದನ್ನೂ ಗಮನಿಸಿಕೊಂಡಿದ್ದ.

ಗಿಟಾರಿನ ಸದ್ದೆಲ್ಲ ಅದರ ಮುಖದ ಹಲಗೆಯಲ್ಲಿದೆ. ಹಲಗೆ ದಪ್ಪವಾದಷ್ಟೂ ಮೂಕ, ತೆಳುವಾದಷ್ಟೂ ಬಾಯಿಬಡುಕ. ಸಾಮಾನ್ಯವಾಗಿ ಎರಡೂವರೆ ಮಿಲಿಮೀಟರಿಗೆ ಕೀಸಿ ನಿಲ್ಲಿಸುತ್ತಾರೆ. ಅವನು ನಿಲ್ಲಿಸಲಿಲ್ಲ. ಕೀಸುವುದು, ಎತ್ತಿ ಹಿಡಿದು ತಟ್ಟುವುದು, ಕಿವಿಗೊಡುವುದು, ಮತ್ತೆ ಕೀಸುವುದು. ಎರಡಕ್ಕೆ ಬಂದಾಗ ಹಲಗೆ ಕೈಯಲ್ಲಿ ಹಪ್ಪಳದಂತೆ ಅಲುಗುತ್ತಿತ್ತು. ಇನ್ನೂ ಒಂದು ಕೂದಲೆಳೆ ತೆಗೆದ. ಒಳಗೆ ಆಧಾರಕ್ಕೆ ಅಂಟಿಸುವ ಕಡ್ಡಿಗಳನ್ನೂ ಸಣ್ಣ ಮಾಡಿದ. ಇನ್ನೊಂದು ಸಲ ಕೀಸುಳಿ ಆಡಿಸಿದ್ದರೆ ಒಡೆಯುತ್ತಿತ್ತು, ಒಂದು ಸಲ ಕಡಿಮೆ ಆಡಿಸಿದ್ದರೆ ಈ ಸದ್ದು ಬರುತ್ತಿರಲಿಲ್ಲ. ಅಂಥ ಜಾಗದಲ್ಲಿ ಕೈ ಎತ್ತಿದ್ದು ತನ್ನ ಜೀವನದಲ್ಲಿ ತಾನು ಸರಿಯಾಗಿ ಮಾಡಿದ ಒಂದೇ ಕೆಲಸ ಎಂದು ಅವನಿಗೆ ಅನ್ನಿಸಿತ್ತು. ತಂತಿ ಕಟ್ಟಿದ ದಿನ ಸುಮ್ಮನೆ ಒಂದನ್ನು ಮೀಟಿದ. ಕೆಳಗಿನ ಅಂಗಡಿಯಲ್ಲಿ ಗರಗಸ ನಿಂತಿತು. ಅವನಿಗೆ ನುಡಿಸಲು ಬರುವುದಿಲ್ಲ. ಆರು ತಂತಿಗಳನ್ನು ಒಂದೊಂದಾಗಿ ಮೀಟಲು ಬರುತ್ತದೆ, ಅಷ್ಟೇ. ಮಧ್ಯಾಹ್ನವೆಲ್ಲ ಅದನ್ನೇ ಮಾಡಿದ.

ಈಗ ಇದಕ್ಕೆ ಬೆಲೆ ಕಟ್ಟಬೇಕು. ಮರ, ಅಂಟು, ಅರಗಿನ ಪಾಲಿಶು, ತಂತಿ ಬಿಗಿಯುವ ಕೀಲಿಗಳು, ಇದು ಸುಲಭ. ಗಂಟೆ ಎಷ್ಟು? ಮುನ್ನೂರ ಹತ್ತು ಎಂದು ನೋಟ್‌ಬುಕ್ಕಿನಲ್ಲಿದೆ. ಆದರೆ ಯಾವ ಬೀಟೆ ಹಲಗೆಯನ್ನು ಬೆನ್ನಿಗೆ ಹಾಕುವುದೆಂದು ತಿಳಿಯದೆ ಹನ್ನೊಂದು ದಿನ ಎರಡು ಹಲಗೆಗಳ ಮುಂದೆ ಸುಮ್ಮನೆ ನಿಂತಿದ್ದನಲ್ಲ, ಅದು ಕೆಲಸವೋ ಸೋಮಾರಿತನವೋ? ಹೆಂಡತಿ ತನ್ನ ಅಮ್ಮನ ಆಪರೇಷನ್ನಿನ ವಿಷಯ ಹೇಳುತ್ತಿದ್ದಾಗ ಹೂಂಗುಟ್ಟುತ್ತಾ ಮನಸ್ಸಿನಲ್ಲಿ ಕಡ್ಡಿಗಳನ್ನು ಜೋಡಿಸುತ್ತಿದ್ದನಲ್ಲ, ಆ ಮುಕ್ಕಾಲು ಗಂಟೆಯ ಬೆಲೆಯನ್ನು ಪ್ರೆಸ್ಸಿನವರು ಯಾಕೆ ಕೊಡಬೇಕು? ನಿಜಕ್ಕೂ ಅದನ್ನು ಕೊಟ್ಟವಳು ಅವಳು. ಈ ಲೆಕ್ಕ ಅವನಿಗೆ ಬಹಳ ಹಿಡಿಸಿತು. ಅದನ್ನು ಅವಳಿಗೆ ಹೇಳಬೇಕು ಎಂದುಕೊಂಡ, ಹೇಳಿದರೆ ಏನಾಗುತ್ತದೆಂದು ಹೊಳೆದು ಬೇಡ ಎಂದುಕೊಂಡ.

ಹನ್ನೊಂದರ ಹೊತ್ತಿಗೆ ಬಡಗಿ ಬೀಡಿ ಹಚ್ಚಲು ಮೇಲೆ ಬಂದ. ಅಪ್ಪಣೆ ಕೇಳದೆ ಗಿಟಾರನ್ನು ಎರಡು ಬೆರಳಲ್ಲಿ ಎತ್ತಿ ತೂಕ ನೋಡಿದ.

“ಏನ್ ಮೇಷ್ಟ್ರೇ ಇದು, ಗಾಳಿ ಇದ್ದಂಗಿದೆ. ಇದರಲ್ಲಿ ಮರ ಎಲ್ಲಿದೆ?”

“ತೆಗೆದಿದ್ದೀನಿ.” ಅವನು ಮೂಲೆಯ ಚೀಲಗಳನ್ನು ತೋರಿಸಿದ.

“ತೆಗೆದಿದ್ದಕ್ಕೆ ದುಡ್ಡಾ?”

“ಹೂಂ.”

“ಒಳ್ಳೇ ಕಸುಬು. ನಾವು ಹಾಕಿದ್ದಕ್ಕೆ ಕೇಳಿದ್ರೇ ಕೊಡಲ್ಲ ಜನ.” ಬಡಗಿ ಹೊಗೆ ಬಿಟ್ಟು ಗಿಟಾರನ್ನು ಕಂಬಳಿಯ ಮೇಲೆ ಮಲಗಿಸಿದ. “ಎಷ್ಟು ಹೇಳ್ತೀರಿ?”

“ನೀವಾಗಿದ್ರೆ ಎಷ್ಟು ಹೇಳ್ತಿದ್ರಿ?”

“ಆಳು ನೋಡಿ ಹೇಳ್ತಿದ್ದೆ. ಪ್ರೆಸ್ಸಿನವರು ಗಟ್ಟಿ ಕುಳ. ಒಂದು ಲಕ್ಷ ಹೇಳಿ, ಎಂಬತ್ತಕ್ಕೆ ಇಳೀರಿ. ಇಳೀವಾಗ ಮುಖ ಸಪ್ಪಗೆ ಮಾಡ್ಕೊಳ್ಳಿ. ಅದು ನಿಮಗೆ ಬರುತ್ತೆ.”

ಇಬ್ಬರೂ ನಕ್ಕರು. ಬಡಗಿ ಇಳಿದು ಹೋದ ಮೇಲೆ ಅವನು ಒಬ್ಬನೇ ಮುಖ ಸಪ್ಪಗೆ ಮಾಡಿ ನೋಡಲು ಯತ್ನಿಸಿದ. ಏನೂ ಬದಲಾದಂತೆ ಅನ್ನಿಸಲಿಲ್ಲ.

ಪ್ರೆಸ್ಸಿನವರು ಬಂದದ್ದು ನಾಲ್ಕೂವರೆ ಗಂಟೆಗೆ, ಒಬ್ಬರೇ. ಮೆಟ್ಟಿಲು ಹತ್ತಿ ಬಂದವರು ಸ್ಟೂಲಿನ ಮೇಲೆ ಕೂತು ಸುಧಾರಿಸಿಕೊಂಡರು. ಮಗಳು ಊರಲ್ಲಿಲ್ಲವಂತೆ. ಆಮೇಲೆ ಕನ್ನಡಕ ಏರಿಸಿ ಗಿಟಾರಿನ ಅಂಚಿನುದ್ದಕ್ಕೂ ಬೆರಳಾಡಿಸಿದರು. ಕೂಡಿಕೆಯ ಒಂದು ಸಂದೂ ಸಿಗದಾಗ, “ಕೈ ಒಳ್ಳೇದಿದೆ” ಎಂದರು. ಅವನ ಕಿವಿ ಬಿಸಿಯಾಯಿತು.

ಮರುಕ್ಷಣ ಅವರ ಹೆಬ್ಬೆರಳು ಮುಖದ ಹಲಗೆಯ ಮೇಲಿತ್ತು. ಒತ್ತಿದರು. ಹಲಗೆ ತಗ್ಗಿತು.

“ಬಗ್ಗುತ್ತಲ್ಲ?”

“ಬಗ್ಗಬೇಕು. ಬಗ್ಗಿದ್ರೇನೇ...” ಅವನು ಮಾತು ಮುಗಿಸದೆ ತಂತಿಯೊಂದನ್ನು ಮೀಟಿದ. ಸದ್ದು ಕೋಣೆ ತುಂಬಿ ಕಿಟಕಿಯ ಗಾಜನ್ನು ಮುಟ್ಟಿತು. ಮುದುಕರು ಕಿವಿಗೆ ಅಂಗೈ ಒಡ್ಡಲಿಲ್ಲ. ಆ ಅಂಗೈಯನ್ನು ಗಿಟಾರಿನ ಬೆನ್ನಿಗೆ ಒತ್ತಿ ಹಿಡಿದರು, ಮಿಷನ್ನಿನ ಮೈಗೆ ಕೈಯಿಟ್ಟು ನೋಡುವವರ ಹಾಗೆ.

“ನಡುಗುತ್ತಲ್ರೀ!”

“ಹೌದು.”

“ನಮ್ಮ ಮಿಷನ್ ಹೀಗೆ ನಡುಗಿದ್ರೆ ಎಲ್ಲೋ ಬೋಲ್ಟ್ ಸಡಿಲ ಆಗಿದೆ ಅಂತ ಲೆಕ್ಕ.” ಅವರು ಕೈ ತೆಗೆದು ಅವನ ಮುಖ ನೋಡಿದರು. “ಗಟ್ಟಿ ಇರ್ಬೇಕು ಅಂದಿದ್ದೆ ನಾನು.”

“ಗಟ್ಟಿಯಾಗೇ ಇದೆ. ಕೊನೇ ಸಾಲಿನವರಿಗೂ ಕೇಳುತ್ತೆ.”

“ಏನಾಗುತ್ತೆ?”

“ಕೇಳುತ್ತೆ!”

“ಕೇಳೋದಾ?” ಪ್ರೆಸ್ಸಿನವರು ಗೊಂದಲದಿಂದ ನಕ್ಕರು. “ಕೇಳೋದಕ್ಕೆ ಮೈಕು ಇಡ್ತಾರಲ್ಲ. ನಾನು ಹೇಳಿದ್ದು ಗಟ್ಟಿಮುಟ್ಟು ಅಂತ. ಹೋದ ಸಲದ್ದು ಬಸ್ಸಿನ ಡಿಕ್ಕಿಯಲ್ಲಿ ಮೂರೇ ತಿಂಗಳಿಗೆ ಬಿರುಕು ಬಿಡ್ತು. ಅವಳು ಎರಡು ದಿನ ಊಟ ಬಿಟ್ಲು. ಅದಕ್ಕೇ ನಿಮ್ಮ ಹತ್ರ ಬಂದಿದ್ದು.”

ಒಂದು ವರ್ಷ ಅವನು ಕೆಲಸ ಮಾಡಿದ್ದು ಕಿವಿಗೆ ಅಂಗೈ ಒಡ್ಡಿ ಕೂತ ಒಬ್ಬ ಮುದುಕನಿಗಾಗಿ. ಆ ಮುದುಕ ಎಲ್ಲಿಯೂ ಇರಲಿಲ್ಲ. ನೋವು ಎನ್ನುವುದು ಇದೇ ಇರಬೇಕು. ಅದರ ಜೊತೆಜೊತೆಗೇ ಮನಸ್ಸಿನ ಇನ್ನೊಂದು ಮೂಲೆ ಒಂದೇ ಮಾತು ಎರಡು ಕಡೆಗೆ ಹೋದದ್ದನ್ನು ಬೆರಗಿನಿಂದ ನೋಡುತ್ತಿತ್ತು. ಗಟ್ಟಿ. ಒಂದು ಅರ್ಥಕ್ಕೆ ಹಲಗೆಯನ್ನು ದಪ್ಪ ಬಿಡಬೇಕಿತ್ತು, ಇನ್ನೊಂದಕ್ಕೆ ಕೀಸಬೇಕಿತ್ತು.

“ನಿಮಗೆ... ನಿಮಗೆ ಕೇಳೋದು ಬೇಡ್ವಾ?” ಎಂದ. ಅವನಿಗೆ ನಿಜವಾಗಿ ತಿಳಿಯಬೇಕಿತ್ತು.

“ನನಗೆಲ್ಲಿ ಕೇಳುತ್ತೆ? ಅವಳು ನುಡಿಸ್ತಾಳೆ, ನಾನು ನೋಡ್ತೀನಿ. ಸಾಕಲ್ಲ?” ಅವರು ಅದನ್ನು ಯಾವ ದುಃಖವೂ ಇಲ್ಲದೆ ಹೇಳಿದರು. “ಬಸ್ಸಲ್ಲಿ ಹೋದ್ರೆ ಒಡೆಯಲ್ಲ ತಾನೇ ಇದು?”

“ಪೆಟ್ಟಿಗೆ ಚೆನ್ನಾಗಿದ್ರೆ...”

“ಪೆಟ್ಟಿಗೆ ಬಿಡಿ. ಇದು ಒಡೆಯಲ್ಲ ತಾನೇ?”

ಅವನು ಕಿಟಕಿಯ ಕಡೆ ನೋಡಿದ. ಒಡೆಯುತ್ತದೆ ಎಂದರೆ ಸೋಮವಾರದಿಂದ ಕಾಲೇಜು. ಒಡೆಯುವುದಿಲ್ಲ ಎಂದರೆ ಮೂರು ತಿಂಗಳಿಗೋ ಆರಕ್ಕೋ, ಎಲ್ಲೋ ಒಂದು ಹೆದ್ದಾರಿಯ ಗುಂಡಿಯಲ್ಲಿ, ಅವನು ನೋಡದ ಹುಡುಗಿಯೊಬ್ಬಳು ಮತ್ತೆ ಊಟ ಬಿಡುತ್ತಾಳೆ. “ಜೋಪಾನ ಮಾಡಿದ್ರೆ ಎಲ್ಲಾ ಉಳಿಯುತ್ತೆ” ಎಂದ. ಅವನ ಹೆಂಡತಿ ಅಲ್ಲಿದ್ದಿದ್ದರೆ ಅದು ಉತ್ತರವಲ್ಲ ಎಂದು ತಕ್ಷಣ ಹೇಳುತ್ತಿದ್ದಳು.

ಪ್ರೆಸ್ಸಿನವರು ತಲೆಯಾಡಿಸಿ ಎದ್ದರು. ಒಳ್ಳೆಯ ಮನುಷ್ಯ, ಕೆಲಸದವನ ಮುಖ ಬಾಡಿದ್ದು ಅವರ ಗಮನಕ್ಕೆ ಬಂದಿತ್ತು. “ಆಗಲಿ, ಅದಕ್ಕೊಂದು ದಾರಿ ಇದೆ. ಒಳಗಡೆ ಅಡ್ಡಕ್ಕೆ ಎರಡು ಮರದ ಪಟ್ಟಿ ಹೊಡೆದ್ಬಿಡಿ, ಗಟ್ಟಿಯಾಗುತ್ತೆ. ಬೇಕಾದ್ರೆ ಕೆಳಗಿನ ಬಡಗಿಗೆ ನಾನೇ ಹೇಳ್ತೀನಿ. ಶ್ರಮ ಪಟ್ಟಿದ್ದೀರಿ. ಉಳಿದದ್ದು ಎಷ್ಟಾಯ್ತು ಹೇಳಿ.”

ಎದುರಿಗಿದ್ದದ್ದು ಕನ್ನಡಿಯಲ್ಲ. ಅವನು ಎದೆ ಉಬ್ಬಿಸಿ, “ಎಂಬತ್ತೈದು ಸಾವಿರ” ಎಂದ. ಅಂದನೆಂದು ಅವನಿಗನ್ನಿಸಿತು.

ಪ್ರೆಸ್ಸಿನವರು ಬಲಗಿವಿಗೆ ಅಂಗೈ ಒಡ್ಡಿದರು. ವರ್ಷವಿಡೀ ಅವನು ಕಣ್ಣಮುಂದೆ ಇಟ್ಟುಕೊಂಡಿದ್ದ ಭಂಗಿ ಅದೇ, ಕೊನೆಗೂ ಬಂದಿತ್ತು. “ಏನು? ಗಟ್ಟಿಯಾಗಿ ಹೇಳಿ.”

ಅವನು ಬಾಯಿ ತೆರೆದ. ಈ ಸಲ ದನಿ ಸಾವಿರದ ತನಕವೂ ಕಾಯಲಿಲ್ಲ. ಎಂಬತ್ತು ಗಂಟಲಲ್ಲೇ ಉಳಿದು ಬಾಲ ಮಾತ್ರ ಹೊರಗೆ ಬಂತು.

“ಐದು ಸಾವಿರವಾ?”

ಅಲ್ಲ ಎಂದು ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ತನ್ನ ತಲೆ ಏನು ಮಾಡುತ್ತದೆ ನೋಡೋಣ ಎಂದು ಅವನು ಕಾದ. ಅದು ಹೂಂ ಎನ್ನುವುದಕ್ಕೂ ಊಹೂಂ ಎನ್ನುವುದಕ್ಕೂ ನಡುವೆ ಎಲ್ಲೋ ಅಲ್ಲಾಡಿತು. ಪ್ರೆಸ್ಸಿನವರು ಜೇಬಿನಿಂದ ನೋಟುಗಳನ್ನು ತೆಗೆದು ಐದು ಸಾವಿರ ಎಣಿಸಿ, ಅಂಟಿನ ಡಬ್ಬಿಯ ಕೆಳಗೆ ಇಟ್ಟು, ಇದು ಪಟ್ಟಿಗೆ ಎಂದು ಮೇಲೆ ಇನ್ನೂ ಒಂದು ನೋಟು ಇಟ್ಟರು. “ಸೋಮವಾರ ಮಗಳು ಬಂದು ತಗೊಂಡು ಹೋಗ್ತಾಳೆ” ಎಂದು ಕಂಬಿ ಹಿಡಿದು ನಿಧಾನವಾಗಿ ಇಳಿದರು. ಕೆಳಗೆ ಅವರು ಬಡಗಿಯ ಜೊತೆ ಜೋರಾಗಿ ಏನೋ ಹೇಳುವುದು, ಬಡಗಿ ಅದಕ್ಕಿಂತ ಜೋರಾಗಿ “ಅದಕ್ಕೇನಂತೆ, ಹತ್ತು ನಿಮಿಷದ ಕೆಲಸ” ಎನ್ನುವುದು ಕೇಳಿಸಿತು.

ಅವನು ಬಾಗಿಲು ಮುಂದಕ್ಕೆಳೆದುಕೊಂಡು, ಕೋಣೆಯ ನಡುವೆ ನಿಂತು, “ಎಂಬತ್ತೈದು ಸಾವಿರ!” ಎಂದು ಕೂಗಿದ.

ದನಿ ಎಲ್ಲಿಯೂ ಕುಸಿಯಲಿಲ್ಲ.

“ಏನ್ ಮೇಷ್ಟ್ರೇ?” ಕೆಳಗಿನಿಂದ ಬಡಗಿ.

“ಏನಿಲ್ಲ.”

ಕೋಣೆಯಲ್ಲಿ ಇನ್ನೂ ಏನೋ ಗುಂಯ್ಗುಡುತ್ತಿತ್ತು. ಅವನ ಕೂಗಿಗೆ ಗಿಟಾರಿನ ತಂತಿಗಳು ತಾವಾಗಿಯೇ ನಡುಗಿದ್ದವು. ಅದು ಅಡಗುವವರೆಗೆ ಅವನು ಅಲ್ಲಾಡಲಿಲ್ಲ.

ಆಗ ಮೇಜಿನ ಮೇಲಿದ್ದ ಫೋನು ಅದುರತೊಡಗಿತು. ಕೆಲಸದ ಕೋಣೆಯಲ್ಲಿ ಗಂಟೆ ಕೇಳಬಾರದೆಂದು ಅವನು ಅದರ ಬಾಯಿ ಕಟ್ಟಿಟ್ಟಿದ್ದ. ಅದಕ್ಕೆ ಬರುವುದು ಅದುರುವುದೊಂದೇ. ಪರದೆಯ ಮೇಲೆ ಪ್ರಿನ್ಸಿಪಾಲರು. ಐದು ಗಂಟೆಗೆ ಎರಡು ನಿಮಿಷವಿತ್ತು. ಅವನು ಕೈ ಚಾಚಿದ, ಚಾಚಿದ ಕೈ ಅರ್ಧದಲ್ಲೇ ನಿಂತಿತು.

ಗಿಟಾರು ಮತ್ತೆ ಸದ್ದು ಮಾಡುತ್ತಿತ್ತು. ಈ ಸಲ ಎಲ್ಲ ತಂತಿಗಳಲ್ಲ, ಯಾವುದೋ ಒಂದೇ. ಫೋನು ಒಮ್ಮೆ ಅದುರಿದಾಗ ಅದೂ ಒಮ್ಮೆ. ಫೋನು ಉಸಿರು ತೆಗೆದುಕೊಂಡಾಗ ಅದು ಸಣ್ಣಗಾಗಿ, ಮತ್ತೆ ಎದ್ದು. ಯಾವುದಿರಬಹುದು? ಬಗ್ಗಿ, ಮುಖದ ಹಲಗೆಗೆ ಕೆನ್ನೆ ತಾಗುವಷ್ಟು ಹತ್ತಿರ ಕಿವಿ ತಂದ. ಮೊದಲನೆಯ ತಂತಿಯ ಮೇಲೆ ಬೆರಳಿಟ್ಟ. ಸದ್ದು ನಿಲ್ಲಲಿಲ್ಲ. ಎರಡನೆಯದು, ಅಲ್ಲ. ಮೂರನೆಯದು, ಅದೂ ಅಲ್ಲ. ಮೆಟ್ಟಿಲ ಮೇಲೆ ಬಡಗಿಯ ಹೆಜ್ಜೆ ಏರುತ್ತಿತ್ತು, ಜೊತೆಗೆ ಕೈಚೀಲದಲ್ಲಿ ಮೊಳೆಗಳ ಕಿಣಿಕಿಣಿ.

ನಾಲ್ಕನೆಯದು. ಬೆರಳು ಹತ್ತಿರ ಬಂದಾಗಲೇ ಗೊತ್ತಾಯಿತು. ಬೆರಳನ್ನು ತಂತಿಗೆ ಮುಟ್ಟಿಸದೆ ಹಾಗೆಯೇ ಮೇಲೆ ಹಿಡಿದ.

ಫೋನು ನಿಂತಿತು. ತಂತಿ ಮಾತ್ರ ಆ ತೆಳ್ಳಗಿನ ಹಲಗೆಯ ಮೇಲೆ, ಟೊಳ್ಳಿನೊಳಗಿನಿಂದ, ಇನ್ನೂ ಸ್ವಲ್ಪ ಹೊತ್ತು ಓಗೊಡುತ್ತಲೇ ಇತ್ತು.